ಮೊದಲು ಗಾಡಿ ನೆಟ್ಟಗಾಗಲಿ, ಆಮೇಲೆ ತಗ್ಗಲಿ

ಹಳೇ ಕಾರನ್ನು ತಗ್ಗಿಸಬೇಕು ಅನ್ನುವ ಹುಡುಗರನ್ನು ಕಂಡರೆ ಗದರುವ ಹಿರಿಯರೇ ಹೆಚ್ಚು. ನನಗೆ ಗದರುವ ಮನಸ್ಸಿಲ್ಲ. ಅಪ್ಪನೋ ಚಿಕ್ಕಪ್ಪನೋ ಓಡಿಸಿ ಬಿಟ್ಟ ಮಾರುತಿ ಝೆನ್ ನಿನ್ನ ಕೈಗೆ ಬಂದಿದೆ. ಅದನ್ನು ಗುಜರಿಗೆ ಹಾಕಲಿಲ್ಲ, ಸಾಲ ಮಾಡಿ ಹೊಸದು ತರಲಿಲ್ಲ, ಇದನ್ನೇ ಚೆಂದ ಮಾಡಿಕೊಳ್ಳುತ್ತೇನೆ ಅಂತ ಹೊರಟಿದ್ದೀಯ. ಯಂತ್ರದ ಮೇಲೆ ಪ್ರೀತಿ ಇಲ್ಲದವನಿಗೆ ಇಂಥ ಯೋಚನೆಯೇ ಬರುವುದಿಲ್ಲ. ಗಾಡಿಯೂ ಪ್ರೀತಿಗೆ ತಕ್ಕದ್ದೇ. 1993ರಲ್ಲಿ ಬಂದ ಪೆಟ್ರೋಲ್ ಝೆನ್‌ಗೆ 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎಂಟು ಕ್ವಿಂಟಾಲಿನೊಳಗಿನ ಮೈ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮಾತು ಕೇಳುವ ಮೂತಿ. ಗ್ಯಾರೇಜಿನಲ್ಲಿ ಬದುಕು ಕಳೆದ ನನಗೆ ಇವತ್ತಿಗೂ ಅದು ಮುಂದೆ ಹಾದು ಹೋದರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ.

ಹಾಗಾಗಿ ನಿನ್ನ ಆಸೆಗೆ ಅಡ್ಡ ಬರುವುದಿಲ್ಲ. ಒಂದೇ ಮಾತು ಹೇಳುತ್ತೇನೆ: ತಗ್ಗಿಸುವುದು ಕಟ್ಟಕಡೆಯ ಕೆಲಸ. ಅದನ್ನೇ ಮೊದಲು ಮಾಡಿದವರ ದುಡ್ಡೂ ಹೋಗಿದೆ, ಗಾಡಿಯೂ ಹೋಗಿದೆ.

ಯಾಕೆ ತಗ್ಗಿಸಬೇಕು ಅಂತ ನಿನ್ನನ್ನೇ ಕೇಳಿಕೋ. ಬರುವ ಉತ್ತರ ಎರಡೇ. ಒಂದು, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ. ಎರಡು, ತಿರುವಿನಲ್ಲಿ ಗಾಡಿ ವಾಲುತ್ತದೆ, ವೇಗದಲ್ಲಿ ತೇಲುತ್ತದೆ, ರಸ್ತೆ ಹಿಡಿಯುವುದಿಲ್ಲ. ಎರಡನೆಯ ದೂರಿಗೆ ಎತ್ತರ ಕಾರಣವೇ ಅಲ್ಲ, ವಯಸ್ಸು ಕಾರಣ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಶಾಕ್ಸ್ ಒಳಗಿನ ಎಣ್ಣೆ ಸೋರಿರುತ್ತದೆ, ಲೋವರ್ ಆರ್ಮಿನ ಬುಶ್ಶು ಬಿರುಕು ಬಿಟ್ಟಿರುತ್ತದೆ, ಸ್ಟ್ರಟ್ ಮೇಲಿನ ಮೌಂಟ್ ರಬ್ಬರು ಕೂತುಹೋಗಿರುತ್ತದೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗು, ಆ ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುವುದು ಶಾಕ್ಸ್. ನಿಲ್ಲಿಸುವವನೇ ಸತ್ತಿರುವಾಗ ಸ್ಪ್ರಿಂಗನ್ನು ಇನ್ನಷ್ಟು ಗಡುಸು ಮಾಡಿದರೆ ಕುಣಿತ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಪರೀಕ್ಷೆಗೆ ದುಡ್ಡು ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸು. ನಾಲ್ಕೂ ಟೈರಿನಲ್ಲಿ ಗಾಳಿ ಸರಿಯಾಗಿರಲಿ, ಡಿಕ್ಕಿ ಖಾಲಿ ಇರಲಿ. ಟೈಲರ್ ಟೇಪು ಹಿಡಿದು ಚಕ್ರದ ನಟ್ಟ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆ. ನಾಲ್ಕು ಮೂಲೆಯ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದುಕೋ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಒಂದು ಕಡೆಯ ಸ್ಪ್ರಿಂಗು ಆಗಲೇ ಕುಸಿದಿದೆ ಅಂತ ತಿಳಿ. ಹಳೇ ಗಾಡಿಗಳಲ್ಲಿ ಇದು ಎಷ್ಟೋ ಸಲ ಡ್ರೈವರ್ ಕೂರುವ ಕಡೆಯೇ ಇರುತ್ತದೆ. ಆಮೇಲೆ ಒಂದೊಂದು ಮೂಲೆಯನ್ನೂ ಎರಡು ಕೈಯಲ್ಲಿ ಬಲವಾಗಿ ಒತ್ತಿ ಬಿಡು. ಮೇಲೆದ್ದು ಒಂದೇ ಸಲಕ್ಕೆ ನಿಂತರೆ ಶಾಕ್ಸ್ ಬದುಕಿದೆ. ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಮುಗಿದಿದೆ. ಚಕ್ರದ ಹಿಂದೆ ಕೈ ಹಾಕಿ ಶಾಕ್ಸಿನ ಮೈ ಸವರಿ ನೋಡು. ಬೆರಳಿಗೆ ಎಣ್ಣೆ ಬೆರೆತ ಕಪ್ಪು ಧೂಳು ಅಂಟಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಗಾಡಿ ನಿಂತಲ್ಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುವಾಗ ಮುಂದಿನಿಂದ ‘ಟಕ್’ ಅಂತ ಸದ್ದು ಬಂದರೆ ಸ್ಟ್ರಟ್ಟಿನ ಮೌಂಟು, ಬೇರಿಂಗು ನೋಡಿಸು.

ಈಗ ನಿನ್ನ ಕಿವಿಗೆ ಯಾರೋ ಹಾಕಿರುವ ಮಾತಿಗೆ ಬರುತ್ತೇನೆ. ‘ಒಂದೂವರೆ ಸುತ್ತು ಕಟ್ ಮಾಡಿಸು, ಮಧ್ಯಾಹ್ನದೊಳಗೆ ಕೆಲಸ ಮುಗೀತು, ಖರ್ಚೇ ಇಲ್ಲ’ ಅಂತ. ಸ್ಪ್ರಿಂಗು ಕತ್ತರಿಸಿದರೆ ಗಾಡಿ ತಗ್ಗುತ್ತದೆ, ನಿಜ. ಜೊತೆಗೆ ಆಗುವ ಬೇರೆ ಕೆಲಸಗಳನ್ನು ಅವರು ಹೇಳುವುದಿಲ್ಲ. ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ಆರು ಸುತ್ತಿನಲ್ಲಿ ಒಂದೂವರೆ ತೆಗೆದರೆ ಉಳಿದದ್ದು ನಾಲ್ಕೂವರೆ. ಗಡಸುತನ ಮೂರನೇ ಒಂದು ಪಾಲು ಏರಿತು. ಅಷ್ಟು ಗಡುಸನ್ನು ಹಿಡಿಯುವ ಶಕ್ತಿ ಕಂಪನಿಯ ಹಳೇ ಶಾಕ್ಸಿಗೆ ಇಲ್ಲ. ಇನ್ನು ಕತ್ತರಿಸುವ ವಿಧಾನ. ಸ್ಪ್ರಿಂಗಿನ ಉಕ್ಕಿಗೆ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಹದ ಕೊಟ್ಟಿರುತ್ತಾರೆ. ಗ್ಯಾಸ್ ಕಟಿಂಗ್ ಜ್ವಾಲೆ ತಗುಲಿದ ಜಾಗದಲ್ಲಿ ಆ ಹದ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಸ್ಪ್ರಿಂಗನ್ನು ಗಾಡಿಯಲ್ಲೇ ಬಿಟ್ಟು ಸುತ್ತುಗಳನ್ನು ಕಾಯಿಸಿ ಕೂರಿಸುವ ಪದ್ಧತಿ. ಅಲ್ಲಿ ಎಷ್ಟು ಕೂರುತ್ತದೆ ಅನ್ನುವುದು ಕಾಯಿಸುವವನ ಕೈಯಲ್ಲೂ ಇಲ್ಲ. ಇವತ್ತು ಕೂತದ್ದು ನಾಳೆ ಭಾರಕ್ಕೆ ಇನ್ನಷ್ಟು ಕೂರುತ್ತದೆ, ಎಡಕ್ಕೊಂದು ಬಲಕ್ಕೊಂದು.

ಎಲ್ಲಕ್ಕಿಂತ ದೊಡ್ಡ ಅಪಾಯ ಗಾಡಿ ನಿಂತಾಗ ಕಾಣುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಡುವಾಗಲೂ ಸ್ಪ್ರಿಂಗು ಸ್ವಲ್ಪ ಒತ್ತಿಕೊಂಡೇ ತನ್ನ ಬಟ್ಟಲಿನಲ್ಲಿ ಕೂತಿರಬೇಕು. ಕತ್ತರಿಸಿದ ಸ್ಪ್ರಿಂಗಿಗೆ ಆ ಉದ್ದ ಇರುವುದಿಲ್ಲ. ನಮ್ಮ ಗ್ಯಾರೇಜಿಗೆ ಹೀಗೆ ಕತ್ತರಿಸಿದ್ದ ಒಂದು ಝೆನ್ನನ್ನು ಎಳೆದು ತಂದಿದ್ದರು. ಹಳ್ಳಿಯ ಹಂಪ್ಸಿನ ಮೇಲೆ ಹಿಂದಿನ ಚಕ್ರ ಗಾಳಿಗೆದ್ದ ಕ್ಷಣದಲ್ಲಿ ಸ್ಪ್ರಿಂಗು ಬಟ್ಟಲು ಬಿಟ್ಟು ಓರೆಯಾಗಿ, ಇಳಿಯುವಾಗ ಹಾಗೇ ಸಿಕ್ಕಿಹಾಕಿಕೊಂಡಿತ್ತು. ಕತ್ತರಿಸಿದ ತುದಿ ಮೇಲಿನ ತಗಡನ್ನು ಉಗುರಿನ ಹಾಗೆ ಕೆರೆದು ಬಿಳಿ ಲೋಹ ಕಾಣುತ್ತಿತ್ತು. ಮುಂದಿನ ಟೈರುಗಳನ್ನು ಹೊರಗಿನಿಂದ ನೋಡಿದರೆ ಹೊಸವು, ಕೂತು ಒಳ ಅಂಚು ನೋಡಿದರೆ ತಂತಿ ಎದ್ದಿತ್ತು. ಆ ಗಾಡಿಯ ಹುಡುಗ ಲೋವರಿಂಗಿನಲ್ಲಿ ಉಳಿಸಿದ್ದೆಲ್ಲ ಎರಡು ಟೈರಿಗೇ ಸಾಲಲಿಲ್ಲ. ಅವನ ಪುಣ್ಯ, ಘಟ್ಟದ ತಿರುವಿನಲ್ಲಿ ಆಗಲಿಲ್ಲ.

ಹಂಪ್ಸಿನ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇನೆ, ನಮ್ಮ ರಸ್ತೆಗೆ ತಗ್ಗಿದ ಗಾಡಿ ಯಾಕೆ ಒಗ್ಗುವುದಿಲ್ಲ ಅನ್ನುವುದು ಅದರಲ್ಲೇ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಕಟ್ಟಿದ ಹಂಪ್ಸು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಝೆನ್ನಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ 2.335 ಮೀಟರ್. ಅಂದರೆ ಸರಿಯಾಗಿ ಕಟ್ಟಿದ ಹಂಪ್ಸಿನ ಮೇಲೆ ಇಡೀ ಗಾಡಿ ಹತ್ತಿ ನಿಲ್ಲುತ್ತದೆ. ನಾಲ್ಕು ಚಕ್ರಗಳ ನಡುವೆ ಹೊಟ್ಟೆಯ ಕಡೆಗೆ ಏಳುವ ಉಬ್ಬು ಬರೀ ನಾಲ್ಕು ಸೆಂಟಿಮೀಟರ್. ತಗ್ಗಿಸಿದ ಗಾಡಿಯೂ ಆರಾಮಾಗಿ ದಾಟುತ್ತದೆ. ಆದರೆ ನಮ್ಮ ಬೀದಿಗಳಲ್ಲಿ ನಿಯಮ ನೋಡಿ ಹಂಪ್ಸು ಹಾಕಿದವರು ಎಷ್ಟು ಮಂದಿ? ಎರಡಡಿ ಅಗಲಕ್ಕೆ ಸಿಮೆಂಟು ಗುಡ್ಡೆ ಹಾಕಿ ಬಿಟ್ಟಿರುತ್ತಾರೆ. ಅದು ಪೂರ್ತಿಯಾಗಿ ಚಕ್ರಗಳ ನಡುವೆ ಬಂದು ನಿಲ್ಲುತ್ತದೆ, ಅದರ ಎತ್ತರ ಎಷ್ಟಿದೆಯೋ ಅಷ್ಟೂ ಹೊಟ್ಟೆಗೆ. ಝೆನ್ನಿನ ಹೊಟ್ಟೆ ನೆಲದಿಂದ 165 ಮಿಲಿಮೀಟರ್ ಮೇಲಿದೆ. 50 ಮಿಲಿಮೀಟರ್ ತಗ್ಗಿಸಿದರೆ 115 ಉಳಿಯಿತು, ಅದೂ ಗಾಡಿ ಖಾಲಿ ಇರುವಾಗ. ಅಪ್ಪ ಅಮ್ಮ ಹಿಂದೆ ಕೂತು ಡಿಕ್ಕಿಯಲ್ಲಿ ಎರಡು ಬ್ಯಾಗು ಇಟ್ಟ ಮೇಲೆ? ಮೊದಲ ಪೆಟ್ಟು ಸೈಲೆನ್ಸರ್ ಪೈಪಿಗೆ. ಆಯಿಲ್ ಚೇಂಬರಿಗೆ ಬಿದ್ದು ಎಣ್ಣೆ ಸೋರಿದ್ದು ಗೊತ್ತಾಗದೆ ಓಡಿಸಿದರೆ ಎಂಜಿನ್ನೇ ಹೋಯಿತು.

ಹೊಟ್ಟೆ ತಾಗದೆ ಹೋದರೂ ಇನ್ನೊಂದು ನಷ್ಟ ಇದೆ. ಗುಂಡಿಗೆ ಬಿದ್ದ ಚಕ್ರ ಮೇಲೇಳಲು ಜಾಗ ಬೇಕಲ್ಲ, ನೀನು ತಗ್ಗಿಸುವುದು ಆ ಜಾಗವನ್ನೇ. ಜಾಗ ಅರ್ಧವಾದರೆ ಅದೇ ಪೆಟ್ಟನ್ನು ನುಂಗಲು ಸ್ಪ್ರಿಂಗು ನಾಲ್ಕು ಪಟ್ಟು ಗಡುಸಾಗಿರಬೇಕು. ಅಷ್ಟು ಗಡುಸಿನ ಗಾಡಿಯಲ್ಲಿ ಯಾರೂ ಕೂರಲಾರರು, ಯಾರೂ ಹಾಕಿಸುವುದೂ ಇಲ್ಲ. ಆಗ ಪ್ರತಿ ಗುಂಡಿಗೂ ಬಂಪ್ ಸ್ಟಾಪರ್ ರಬ್ಬರಿಗೆ ಹೊಡೆತ, ಅದು ಒಡೆದ ಮೇಲೆ ಲೋಹಕ್ಕೆ ಲೋಹ. ಹಳೇ ಗಾಡಿಯ ತಗಡು, ಅದರಲ್ಲೂ ಮಳೆ ಸೀಮೆಯಲ್ಲಿ ಓಡಿ ಒಳಗೊಳಗೇ ತುಕ್ಕು ಹಿಡಿದ ಗಾಡಿಯ ಸ್ಟ್ರಟ್ ಗೋಪುರ, ಈ ಹೊಡೆತ ಬಹಳ ದಿನ ತಡೆಯುವುದಿಲ್ಲ.

ಇನ್ನು ‘ತಗ್ಗಿದರೆ ತಿರುವಿನಲ್ಲಿ ವಾಲುವುದಿಲ್ಲ’ ಅನ್ನುವ ನಂಬಿಕೆ. ಅದು ಅರ್ಧ ಸತ್ಯ. ಝೆನ್ನಿನ ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಕೆಳಗೆ ಅಡ್ಡಡ್ಡ ಮಲಗಿದ ಹಾಗಿರುವ ಲೋವರ್ ಆರ್ಮನ್ನು ಜಾಕ್ ಹಾಕದೆ ಬಗ್ಗಿ ನೋಡು. ಗಾಡಿ ತುಂಬಾ ತಗ್ಗಿದಾಗ ಅದರ ಚಕ್ರದ ಕಡೆಯ ತುದಿ ಮೇಲಕ್ಕೆ ಎದ್ದಿರುತ್ತದೆ. ಆಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು, ಬಾಡಿ ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಇಳಿದುಬಿಡುತ್ತದೆ. ಫಲವಾಗಿ ಗಾಡಿಗೆ ವಾಲುವ ಹಟ ಹೆಚ್ಚುತ್ತದೆ. ಗಡುಸು ಸ್ಪ್ರಿಂಗು ಅದನ್ನು ಮುಚ್ಚಿಡುತ್ತದೆ ಅಷ್ಟೇ. ಸ್ಟೀರಿಂಗಿನ ಟೈ ರಾಡೂ ಓರೆಯಾಗುತ್ತದೆ. ಗುಂಡಿಯಲ್ಲಿ ಚಕ್ರ ಮೇಲೆ ಕೆಳಗೆ ಆಡಿದಾಗೆಲ್ಲ ನೀನು ಸ್ಟೀರಿಂಗ್ ಮುಟ್ಟದೆಯೇ ಗಾಡಿ ಅತ್ತಿತ್ತ ಎಳೆಯುತ್ತದೆ. ಹಿಂದಿನ ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವುದು ಒಂದೇ ಒಂದು ರಾಡು, ಅದರ ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲಿಗೆ. ಬಾಡಿ ಇಳಿದರೆ ಆ ರಾಡು ಆಕ್ಸಲನ್ನು ಒಂದು ಪಕ್ಕಕ್ಕೆ ಸರಿಸುತ್ತದೆ. ಅಗಲವಾದ ಟೈರು ಹಾಕಿಸಿದವರ ಗಾಡಿಯಲ್ಲಿ ಒಂದೇ ಕಡೆಯ ಟೈರು ಮಡ್‌ಗಾರ್ಡಿಗೆ ಉಜ್ಜುವುದು ಇದಕ್ಕೇ. ಕೆಲವು ಗಾಡಿಗಳಲ್ಲಿ ಹಿಂದಿನ ಎತ್ತರ ನೋಡಿ ಹಿಂಬದಿ ಬ್ರೇಕಿನ ಬಲ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಗಾಡಿ ತಗ್ಗಿದ್ದನ್ನು ಅದು ‘ಹಿಂದೆ ಭಾರ ತುಂಬಿದೆ’ ಅಂತ ತಿಳಿದು ಖಾಲಿ ಗಾಡಿಯ ಹಿಂದಿನ ಚಕ್ರಕ್ಕೆ ಬ್ರೇಕು ಹೆಚ್ಚಿಸುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಏನಾಗುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ನಿನ್ನ ಗಾಡಿಯಲ್ಲಿ ಅದು ಇದೆಯೋ ಇಲ್ಲವೋ ಅಂತ ಕೆಲಸ ಶುರು ಮಾಡುವ ಮುಂಚೆ ನೋಡಿಸು.

ಕಾನೂನನ್ನೂ ತಿಳಿದುಕೊಂಡಿರು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಗಾಡಿಯನ್ನು ತೋರಿಸಲೇಬೇಕು. ತಿಳಿಸದೆ ಮಾಡಿದ ಬದಲಾವಣೆ ವಿಮೆಯ ಕ್ಲೈಮಿನಲ್ಲೂ ತಕರಾರಿಗೆ ದಾರಿ. ಆದ್ದರಿಂದ ಸ್ಪ್ರಿಂಗಿಗೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸು, ವಿಮಾ ಕಂಪನಿಗೆ ಬರೆದು ತಿಳಿಸು. ಒಪ್ಪದಿದ್ದರೆ ಬಿಟ್ಟುಬಿಡು. ಗಾಡಿ ನೆಲಕ್ಕೆ ಅಂಟಿಕೊಂಡೇ ಓಡಬೇಕು ಅನ್ನುವವರಿಗೆ ಕೊಯಮತ್ತೂರಿನ ಹತ್ತಿರ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ. ಅಲ್ಲಿ ಹಂಪ್ಸೂ ಇಲ್ಲ, ಎದುರಿನಿಂದ ಬಸ್ಸೂ ಬರುವುದಿಲ್ಲ.

ಈಗ ದುಡ್ಡಿನ ವಿಷಯ. ಕಡಿಮೆ ಖರ್ಚಿನಲ್ಲಿ ಆಗಬೇಕು ಅಂತ ಕೇಳುತ್ತೀಯ, ನ್ಯಾಯವೇ. ಉಳಿತಾಯ ಇರುವುದು ಅಗ್ಗದ ಸಾಮಾನಿನಲ್ಲಲ್ಲ, ಕೆಲಸವನ್ನು ಎರಡು ಸಲ ಮಾಡಿಸದಿರುವುದರಲ್ಲಿ. ಸ್ಟ್ರಟ್ ಕೆಳಗಿಳಿಸುವ ಕೂಲಿ ಒಂದೇ. ಅದು ಕೆಳಗೆ ಬಂದ ದಿನವೇ ಶಾಕ್ಸ್, ಮೇಲಿನ ಮೌಂಟು, ಬೇರಿಂಗು, ಬಂಪ್ ಸ್ಟಾಪರು, ಧೂಳಿನ ಬೂಟು ಎಲ್ಲ ಹೊಸದು ಬೀಳಲಿ. ಲೋವರ್ ಆರ್ಮಿನ ಬುಶ್ಶು, ಬಾಲ್ ಜಾಯಿಂಟು ಕೂಡ. ಶಾಕ್ಸ್ ಯಾವಾಗಲೂ ಜೋಡಿ. ಎಡಕ್ಕೆ ಹೊಸದು ಬಲಕ್ಕೆ ಹಳೆಯದು ಹಾಕಬಾರದು. ಬೆಂಗಳೂರಿನವನಾದರೆ ಜೆ.ಸಿ. ರಸ್ತೆಯಲ್ಲಿ ಈ ಸಾಮಾನೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಬೇರೆ ಊರಿನವನಾದರೆ ನಿನ್ನ ಮೆಕ್ಯಾನಿಕ್ಕಿನ ಹತ್ತಿರ ಪಟ್ಟಿ ಬರೆಸಿಕೊಂಡು ಒಂದೇ ಸಲ ತರಿಸು. ಗುಜರಿಯಿಂದ ಬಾಗಿಲು, ಹಿಡಿ, ದೀಪ ತರಬಹುದು. ಶಾಕ್ಸ್ ಮತ್ತು ರಬ್ಬರು ತರಬಾರದು.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡು, ಎರಡು ವಿಷಯಕ್ಕೆ. ಸ್ಟ್ರಟ್ಟಿನ ಮೇಲಿನ ನಟ್ಟು ಬಿಚ್ಚುವ ಮುಂಚೆ ಸ್ಪ್ರಿಂಗಿಗೆ ಕಂಪ್ರೆಸರ್ ಕಟ್ಟಿ ಬಿಗಿ ಮಾಡಿರಲೇಬೇಕು. ಒತ್ತಿಕೊಂಡ ಸ್ಪ್ರಿಂಗು ಹಾರಿದರೆ ಮುಖ ಉಳಿಯುವುದಿಲ್ಲ, ಆದ್ದರಿಂದ ಈ ಒಂದು ಕೆಲಸವನ್ನು ನೀನು ಮನೆ ಮುಂದೆ ಕೈಯಾರೆ ಮಾಡಲು ಹೋಗಬೇಡ. ಇನ್ನೊಂದು, ಅವಸರದ ಗ್ಯಾರೇಜುಗಳಲ್ಲಿ ತಪ್ಪಿಹೋಗುವ ಕೆಲಸ: ಬುಶ್ಶಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ಜೋತಾಡುವಾಗ ಕೊನೆಯ ಬಿಗಿ ಕೊಡಬಾರದು. ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಹುಟ್ಟುತ್ತಲೇ ತಿರುಚಿಕೊಂಡು ಕೂತು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಮುಗಿದ ಮೇಲೆ ವೀಲ್ ಅಲೈನ್‌ಮೆಂಟು, ಹೆಡ್‌ಲೈಟಿನ ದಿಕ್ಕು ಎರಡನ್ನೂ ಸರಿಮಾಡಿಸು. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಟೋ, ಅಂದರೆ ಚಕ್ರ ಮುಖ ಮಾಡುವ ದಿಕ್ಕು ಮಾತ್ರ ತಿದ್ದಲು ಬರುತ್ತದೆ; ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಓರೆ, ತಿದ್ದಲು ಬರುವುದಿಲ್ಲ. ಅತಿಯಾಗಿ ತಗ್ಗಿಸಿದ ಗಾಡಿಯ ಟೈರನ್ನು ಯಾವ ಅಲೈನ್‌ಮೆಂಟ್ ಯಂತ್ರವೂ ಉಳಿಸಲಾರದು ಅನ್ನುವುದು ಇದಕ್ಕೆ.

ಇಷ್ಟಾದ ಮೇಲೆ ಕಂಪನಿ ಎತ್ತರದಲ್ಲೇ ಒಂದು ತಿಂಗಳು ಓಡಿಸು. ಹಾಸನದಿಂದ ಸಕಲೇಶಪುರದ ಕಡೆಗೋ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದೋ ಒಂದು ಸುತ್ತು ಹೋಗಿ ಬಾ. ತೇಲುವುದು ನಿಂತಿರುತ್ತದೆ, ವಾಲುವುದೂ ಬಹಳ ಮಟ್ಟಿಗೆ. ಅಲ್ಲಿಗೆ ಉಳಿಯುವುದು ನೋಟದ ಆಸೆ ಮಾತ್ರ. ಅದಕ್ಕೂ ಸುಲಭದ ದಾರಿ ಇದೆ. ಝೆನ್ನಿಗೆ ಕಂಪನಿ ಕೊಟ್ಟದ್ದು 145/70 ಆರ್13 ಟೈರು. 165/65 ಆರ್13 ಹಾಕಿದರೆ ಅಗಲ ಎರಡು ಸೆಂಟಿಮೀಟರ್ ಹೆಚ್ಚು, ಒಟ್ಟು ವ್ಯಾಸ ಹನ್ನೊಂದು ಮಿಲಿಮೀಟರಿನಷ್ಟು ಹೆಚ್ಚು. ಮಡ್‌ಗಾರ್ಡ್ ತುಂಬಿದಂತೆ ಕಾಣುತ್ತದೆ, ಹೊಟ್ಟೆ ಒಂದಿಷ್ಟು ಮೇಲೆಯೇ ಏಳುತ್ತದೆ. ರಿಮ್ಮಿನ ಅಗಲಕ್ಕೆ ಹೊಂದುತ್ತದೆಯೇ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ತಾಗುವುದಿಲ್ಲವೇ ಅಂತ ಟೈರು ಅಂಗಡಿಯಲ್ಲೇ ನೋಡಿಕೋ. ಟೈರಿನ ಅಳತೆಯೂ ಬದಲಾವಣೆಯೇ, ಆರ್‌ಟಿಒದಲ್ಲಿ ಕೇಳುವಾಗ ಇದನ್ನೂ ಸೇರಿಸಿ ಕೇಳು.

ಆಮೇಲೂ ತಗ್ಗಿಸಲೇಬೇಕು ಅನ್ನಿಸಿದರೆ, ಒಪ್ಪಿಗೆಯೂ ಸಿಕ್ಕರೆ, ಆ ಗಾಡಿಗಂತಲೇ ಮಾಡಿದ ಲೋವರಿಂಗ್ ಸ್ಪ್ರಿಂಗಿನ ಸೆಟ್ಟು ಹಾಕಿಸು. 25 ಮಿಲಿಮೀಟರ್ ಸಾಕು, 30 ದಾಟಬೇಡ. ನಾಲ್ಕೂ ಸ್ಪ್ರಿಂಗು ಒಂದೇ ಸೆಟ್ಟಿನವಿರಲಿ. ಗಾಡಿಯನ್ನು ಜಾಕಿನಲ್ಲಿ ಎತ್ತಿ ಚಕ್ರ ಪೂರ್ತಿ ಇಳಿಬಿಟ್ಟಾಗ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸು. ಅಲ್ಲಾಡಿದರೆ ಅದನ್ನು ತೆಗೆಸಿ ವಾಪಸು ಕೊಡು. ಬೇರೆ ಮಾಡೆಲ್ಲಿನ ಗಿಡ್ಡ ಸ್ಪ್ರಿಂಗು ‘ಕೂರುತ್ತೆ ಅಣ್ಣಾ’ ಅಂತ ಕೊಡುತ್ತಾರೆ. ತಂತಿಯ ದಪ್ಪ, ಸುತ್ತಿನ ಅಗಲ, ತುದಿಯ ಆಕಾರ ಮೂರೂ ಹೊಂದದೆ ಅದು ಕೂರುವುದಿಲ್ಲ. ಹೆಸರಿಲ್ಲದ ಅಗ್ಗದ ಕಾಯಿಲ್‌ಓವರಿಗಿಂತ ಕಂಪನಿಯ ಹೊಸ ಶಾಕ್ಸು ನೂರು ಪಾಲು ಮೇಲು. ಹಾಕಿಸಿದ ಮೊದಲ ದಿನವೇ ನಾಲ್ವರನ್ನು ಕೂರಿಸಿಕೊಂಡು ನಿನ್ನ ಊರಿನ ಅತಿ ಕೆಟ್ಟ ಹಂಪ್ಸನ್ನು ನಿಧಾನವಾಗಿ ದಾಟಿ ನೋಡು. ಬಹಳ ಸಲ ಹಿಂದಿನ ಸೀಟಿನಲ್ಲಿ ಕೂರುವವರು ನಿನ್ನ ತಂದೆತಾಯಿ. ಅವರ ಬೆನ್ನು ಏನು ಹೇಳುತ್ತದೋ ಅದನ್ನು ಕೇಳಿಸಿಕೋ.

ಬಿಚ್ಚಿದ ಕಂಪನಿ ಸ್ಪ್ರಿಂಗುಗಳನ್ನು ಮಾತ್ರ ಯಾರಿಗೂ ಕೊಡಬೇಡ, ತೂಕಕ್ಕೂ ಹಾಕಬೇಡ. ಎಡ ಬಲ, ಮುಂದೆ ಹಿಂದೆ ಅಂತ ಚೀಟಿ ಕಟ್ಟಿ, ಗ್ರೀಸು ಸವರಿ, ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡು. ಮದುವೆಯಾಗಿ ಮನೆಯಲ್ಲಿ ಕೂಸು ಬಂದಾಗಲೋ, ಊರಿನ ರಸ್ತೆ ಇನ್ನಷ್ಟು ಕೆಟ್ಟಾಗಲೋ, ಗಾಡಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗಲೋ ಅವು ಬೇಕಾಗುತ್ತವೆ. ಕತ್ತರಿಸಿದ ಸ್ಪ್ರಿಂಗನ್ನು ಮತ್ತೆ ಉದ್ದ ಮಾಡಲು ಯಾವ ಗ್ಯಾರೇಜಿನಲ್ಲೂ ಆಗುವುದಿಲ್ಲ.